ಗಾಡಿ ನಿಂತರಷ್ಟೇ ಊರು

ಹುಬ್ಬಳ್ಳಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋದವರಿಗೆಲ್ಲ ಕ್ಯಾಸಲ್‌ರಾಕ್ ಗೊತ್ತು. ಗೊತ್ತು ಅಂದರೆ, ಅಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ ಅನ್ನುವಷ್ಟು ಗೊತ್ತು. ಲೋಂಡಾ ದಾಟಿ, ತಿನೈಘಾಟ್ ದಾಟಿ, ಕಾಡು ದಟ್ಟವಾಗುತ್ತಾ ಬಂದು, ಇನ್ನೇನು ದೂಧಸಾಗರ ಜಲಪಾತ ಕಾಣಬೇಕು ಅನ್ನುವಾಗ ಗಾಡಿ ನಿಂತುಬಿಡುತ್ತದೆ. ಇಳಿಯುವವರು ನಾಲ್ಕು ಜನ, ಹತ್ತುವವರು ಇಬ್ಬರು. ಪ್ಲಾಟ್‌ಫಾರ್ಮ್ ಮಾತ್ರ ಉದ್ದಕ್ಕಿದೆ, ಹಳಿಗಳೂ ಬೇಕಾದಷ್ಟಿವೆ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಸ್ಟೇಷನ್ ಯಾಕೆ ಅಂತ ಕಿಟಕಿ ಪಕ್ಕ ಕೂತವರು ಒಮ್ಮೆಯಾದರೂ ಕೇಳಿಕೊಂಡಿರುತ್ತಾರೆ.

ಊರಿದ್ದ ಕಡೆ ಸ್ಟೇಷನ್ ಕಟ್ಟುವುದು ರೂಢಿ. ಇಲ್ಲಿ ಆಗಿದ್ದು ಉಲ್ಟಾ. ಗಾಡಿ ನಿಲ್ಲಲೇಬೇಕಾದ ಜಾಗವೊಂದು ಮೊದಲು ಗೊತ್ತಾಯಿತು, ಆಮೇಲೆ ಅದರ ಸುತ್ತ ಊರು ಬಂತು. ಹಾಗಾಗಿ ಈ ಊರಿನ ಚರಿತ್ರೆ ಅಂದರೆ ಗಾಡಿಗಳು ಇಲ್ಲಿ ಯಾಕೆ ನಿಲ್ಲುತ್ತಿದ್ದವು ಅನ್ನುವುದರ ಚರಿತ್ರೆ.

ನಾನು ಅಂಕೋಲಾ ಕಡೆಯವನು. ಕ್ಯಾಸಲ್‌ರಾಕ್ ಇರುವುದೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ, ಜೋಯಿಡಾ ತಾಲ್ಲೂಕಿನಲ್ಲಿ, ಘಟ್ಟದ ಮೇಲಿನ ಅಂಚಿಗೆ. ಕೆಳಗೆ ಗೋವಾ. ನಮ್ಮ ಜಿಲ್ಲೆಗೆ ಮೊದಲು ರೈಲು ಬಂದದ್ದು ಈ ದಾರಿಯಲ್ಲಿ, 1880ರ ದಶಕದಲ್ಲಿ. ಆದರೆ ಅದು ಕಾರವಾರಕ್ಕೆ ಬರಲಿಲ್ಲ, ಅಂಕೋಲಾಕ್ಕೆ ಬರಲಿಲ್ಲ, ಕುಮಟೆಗೂ ಬರಲಿಲ್ಲ. ಜಿಲ್ಲೆಯ ಒಂದು ಮೂಲೆಯ ಕಾಡನ್ನು ಹಾದು ಪರದೇಶಕ್ಕೆ ಇಳಿದುಹೋಯಿತು! ಕರಾವಳಿಯ ನಮಗೆ ರೈಲು ನೋಡಲು ಕೊಂಕಣ ರೈಲ್ವೆ ಬರುವ ತನಕ, ಅಂದರೆ 1990ರ ದಶಕದ ತನಕ ಕಾಯಬೇಕಾಯಿತು. ಈ ಕಥೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಕೇಳಿದರೆ ಅದಕ್ಕೆ ಕಾರಣ ಇಷ್ಟೇ.

ಶುರುವಾದದ್ದು ಹತ್ತಿಯಿಂದ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿಗೆ ಒಮ್ಮೆಲೇ ಬಂಗಾರದ ಬೆಲೆ ಬಂತು. ಆ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆ, ಕಾರವಾರದ ಬಂದರಿಗೆ ಹೋಗಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಈ ಹತ್ತಿ, ಈ ಬಂದರಿನ ಲೆಕ್ಕಾಚಾರವೇ ಒಂದು ಕಾರಣ. ಕಾರವಾರ ಒಳ್ಳೆಯ ಬಂದರು, ಹುಬ್ಬಳ್ಳಿಯಿಂದ ಅಲ್ಲಿಗೆ ರೈಲು ಹಾಕಿದರೆ ಆಯಿತು ಅನ್ನುವ ಮಾತು ಆಗಲೇ ಶುರುವಾಗಿತ್ತು. ಸರ್ವೆ ನಡೆದವು, ಕಾಗದಪತ್ರ ಓಡಾಡಿದವು, ವ್ಯಾಪಾರಿಗಳು ಕಾದು ಕೂತರು.

ಅಷ್ಟರಲ್ಲಿ ನಡುವೆ ಬಂದದ್ದು ಉಪ್ಪು.

ಆಗ ಬ್ರಿಟಿಷರ ರಾಜ್ಯದಲ್ಲಿ ಉಪ್ಪಿಗೆ ಸುಂಕ ಜಾಸ್ತಿ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಆಡಳಿತ, ಅಲ್ಲಿನ ಆಗರಗಳ ಉಪ್ಪು ಅಗ್ಗ. ಘಟ್ಟದ ಕಾಲುದಾರಿಗಳಲ್ಲಿ ಎತ್ತಿನ ಬೆನ್ನ ಮೇಲೆ ಆ ಉಪ್ಪು ಬೆಳಗಾವಿ, ಧಾರವಾಡದ ಕಡೆಗೆ ಹತ್ತಿ ಬರುತ್ತಿತ್ತು. ಇಷ್ಟುದ್ದದ ಕಾಡಿನ ಗಡಿಯಲ್ಲಿ ಎಷ್ಟು ಅಂತ ಕಾವಲು ಹಾಕುವುದು? ಕಳ್ಳದಾರಿ ಮುಚ್ಚುವ ಬದಲು ಬ್ರಿಟಿಷರು ಆಗರವನ್ನೇ ಕೈಗೆ ತೆಗೆದುಕೊಳ್ಳುವ ಉಪಾಯ ಮಾಡಿದರು. 1878ರ ಡಿಸೆಂಬರಿನಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದ ಆಯಿತು. ಗೋವಾದ ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ, ಅದಕ್ಕೆ ಬದಲಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಗಡಿಯಲ್ಲಿ ಸುಂಕದ ಕಟ್ಟೆ ಇಲ್ಲ. ಜೊತೆಗೆ ಗೋವಾದ ಮೊರ್ಮುಗಾವ್ ಬಂದರಿನಿಂದ ಬ್ರಿಟಿಷ್ ಸೀಮೆಯ ತನಕ ಒಂದು ರೈಲು. 1880ರ ಜನವರಿಯಿಂದ ಒಪ್ಪಂದ ಜಾರಿಗೆ ಬಂತು, 12 ವರ್ಷದ ಮಟ್ಟಿಗೆ.

ಅಲ್ಲಿಗೆ ಕಾರವಾರದ ಕನಸು ಮುಗಿಯಿತು. ಒಂದೇ ಸೀಮೆಗೆ ಎರಡೆರಡು ಘಟ್ಟದ ರೈಲು ಯಾರು ಹಾಕುತ್ತಾರೆ? ನನ್ನ ಪ್ರಕಾರ ನಮ್ಮ ಕರಾವಳಿಯ ಹಣೆಬರಹ ಬದಲಾಗಿದ್ದು ಆ ಒಪ್ಪಂದದಲ್ಲೇ, ಅದೂ ಕಾರವಾರದವರನ್ನು ಯಾರೂ ಒಂದು ಮಾತು ಕೇಳದೆ. ಗೋವಾದ ಉಪ್ಪಿನ ಆಗರದವರನ್ನೂ ಯಾರೂ ಕೇಳಲಿಲ್ಲ ಅನ್ನಿ. ಅವರ ಕಸುಬಂತೂ ನೆಲಕಚ್ಚಿತು.

ರೈಲು ಕಟ್ಟಲು 1881ರಲ್ಲಿ ಲಂಡನ್ನಿನಲ್ಲಿ ಒಂದು ಕಂಪನಿ ಹುಟ್ಟಿತು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ ಅಂತ ಅದರ ಹೆಸರು. ಆ 'ಗ್ಯಾರಂಟೀಡ್' ಅನ್ನುವುದು ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ರೈಲು ಲಾಭ ಮಾಡಲಿ ಬಿಡಲಿ, ದುಡ್ಡು ಹಾಕಿದವರಿಗೆ ಇಂತಿಷ್ಟು ಬಡ್ಡಿ ಕೊಡುತ್ತೇವೆ ಅಂತ ಪೋರ್ಚುಗೀಸ್ ಸರ್ಕಾರ ಬರೆದುಕೊಟ್ಟಿತ್ತು. ದುಡ್ಡು ಇಂಗ್ಲಿಷರದು, ಇಂಜಿನಿಯರುಗಳು ಇಂಗ್ಲಿಷರು, ನೆಲ ಪೋರ್ಚುಗೀಸರದು, ನಷ್ಟವಾದರೆ ಅದೂ ಪೋರ್ಚುಗೀಸರದು. ಇಂಥ ವ್ಯಾಪಾರ ನನಗೂ ಯಾರಾದರೂ ಕೊಡಿಸಿದರೆ ಬೇಡ ಅನ್ನುವುದಿಲ್ಲ.

ಘಟ್ಟದ ಮೇಲಿನ ಕಡೆಯ ಕಥೆ ಬೇರೆ. 1876ರಿಂದ 78ರ ತನಕ ಬಳ್ಳಾರಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಭೀಕರ ಬರ ಬಿತ್ತು. ರೈಲಿಲ್ಲದ ಕಡೆಗೆ ಧಾನ್ಯ ಮುಟ್ಟಿಸುವುದಕ್ಕೇ ಆಗಲಿಲ್ಲ. ಬರ ಬಂದರೆ ಕಾಳು ಸಾಗಿಸಲು ರೈಲು ಬೇಕು ಅಂತ ಸರ್ಕಾರಕ್ಕೆ ಆಗ ಬುದ್ಧಿ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಶುರುವಾಯಿತು. ಅದರ ದೊಡ್ಡ ಆಫೀಸು ಇದ್ದದ್ದು ಧಾರವಾಡದಲ್ಲಿ. ಈಗ ಕರ್ನಾಟಕ ಕಾಲೇಜು ಇರುವ ಕಲ್ಲಿನ ಕಟ್ಟಡ ಇದೆಯಲ್ಲ, ಅದೇ. ಅಲ್ಲಿ ಓದಿದ ಎಷ್ಟೋ ಜನರಿಗೆ ತಾವು ಪಾಠ ಕೇಳಿದ್ದು ರೈಲ್ವೆ ಆಫೀಸಿನಲ್ಲಿ ಅಂತ ಗೊತ್ತಿರಲಿಕ್ಕಿಲ್ಲ.

ಹೀಗೆ ಬರಕ್ಕೆ ಹುಟ್ಟಿದ ರೈಲು ಮೇಲಿಂದ, ಉಪ್ಪಿಗೆ ಹುಟ್ಟಿದ ರೈಲು ಕೆಳಗಿಂದ. ಎರಡೂ ಕೈ ಕುಲುಕಿದ ಜಾಗವೇ ಕ್ಯಾಸಲ್‌ರಾಕ್. ಹೆಸರು ಇಂಗ್ಲಿಷರು ಇಟ್ಟದ್ದು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಸುತ್ತಲಿನ ಕಾಡಿನಲ್ಲಿ ಕುಣಬಿಗಳ, ಗೌಳಿಗಳ ಚಿಕ್ಕ ಚಿಕ್ಕ ಹಳ್ಳಿಗಳಿದ್ದವು, ಈಗಲೂ ಇವೆ. ಜೋಯಿಡಾದ ಕುಣಬಿಗಳ ಗೆಡ್ಡೆಗೆಣಸು ಈಗ ಮೇಳ ಮಾಡುವಷ್ಟು ಹೆಸರಾಗಿದೆ. ಆದರೆ ಈ ರೈಲಿನ ಕಥೆಯಲ್ಲಿ ಅವರ ಸುದ್ದಿ ಎಲ್ಲೂ ಬರುವುದಿಲ್ಲ. ಲಿಸ್ಬನ್ನಿನಲ್ಲಿ, ಲಂಡನ್ನಿನಲ್ಲಿ, ಧಾರವಾಡದಲ್ಲಿ ಕೂತವರು ನಕ್ಷೆಯ ಮೇಲೆ ಗೆರೆ ಎಳೆದರು, ಗೆರೆ ಇವರ ಕಾಡಿನ ಮೇಲೆ ಬಿತ್ತು, ಅಷ್ಟೇ.

ಘಟ್ಟದ ಕೆಲಸ ಸಾಮಾನ್ಯದ್ದಲ್ಲ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೇಂ ತನಕ ಸುಮಾರು 26 ಕಿಲೋಮೀಟರ್. ಅಷ್ಟರಲ್ಲಿ ಸಹ್ಯಾದ್ರಿಯ ಇಡೀ ಎತ್ತರವನ್ನು ಇಳಿಯಬೇಕು. 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ, ಇದು ಇಲ್ಲಿನ ಇಳಿಜಾರು. ನಡೆದು ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಬ್ಬಿಣದ ಗಾಲಿ, ಕಬ್ಬಿಣದ ಹಳಿಯ ಮೇಲೆ ನೂರಾರು ಟನ್ ಹೊತ್ತು ಇಳಿಯುವ ಗಾಡಿಗೆ ಮಾತ್ರ ಇದು ಜೀವದ ಪ್ರಶ್ನೆ. ಪೋರ್ಚುಗಲ್ಲಿನ ರಾಜಮನೆತನದ ಹೆಸರಿನಲ್ಲಿ ಇದಕ್ಕೆ ಬ್ರಗಾಂಝಾ ಘಾಟ್ ಅಂತ ಕರೆದರು. ಬಂಡೆ ಕೊರೆದು ಸುರಂಗ, ಕಣಿವೆಗೆ ಕಮಾನಿನ ಸೇತುವೆ. 310 ಮೀಟರಿನ ದೂಧಸಾಗರದ ಎದೆಯ ಮೇಲೇ ಒಂದು ಸೇತುವೆ ಹಾಕಿದರು. ಮಳೆಗಾಲದಲ್ಲಿ ಆ ಸೇತುವೆ ದಾಟುವಾಗ ನೀರು ಕಿಟಕಿಯೊಳಗೇ ಸಿಡಿಯುತ್ತದೆ, ಈಗಲೂ. ಸುಪಾ ಸೀಮೆ, ಅಂದರೆ ಈಗಿನ ಜೋಯಿಡಾ, ಆಗೆಲ್ಲ ಚಳಿಜ್ವರಕ್ಕೆ ಕುಖ್ಯಾತ. ವರ್ಗವಾಗಿ ಬಂದ ಸರ್ಕಾರಿ ನೌಕರರೇ ಇಲ್ಲಿ ಉಳಿಯಲು ಹೆದರುತ್ತಿದ್ದರು. ಅಂಥ ಕಾಡಿನಲ್ಲಿ, ಅಂಥ ಮಳೆಯಲ್ಲಿ ಕಲ್ಲು ಒಡೆದ ಕೂಲಿಗಳ ಹೆಸರಿನಲ್ಲಿ ಒಂದು ಸೇತುವೆಯೂ ಇಲ್ಲ.

1887ರಲ್ಲಿ ಮೊರ್ಮುಗಾವ್ ಕಡೆಯ ಮೊದಲ ತುಂಡು ತೆರೆಯಿತು. 1888ರಲ್ಲಿ ಘಟ್ಟದ ದಾರಿಯೂ ತೆರೆದು, ಮೀಟರ್ ಗೇಜ್ ಗಾಡಿ (ಹಳಿಗಳ ನಡುವೆ ಒಂದೇ ಮೀಟರ್ ಅಗಲ) ಸಮುದ್ರದಿಂದ ಕ್ಯಾಸಲ್‌ರಾಕ್‌ಗೆ ಹತ್ತಿ ಬಂತು. ಗಡಿಯಲ್ಲಿ ಸುಂಕವಿಲ್ಲ, ತಪಾಸಣೆಯಿಲ್ಲ. ಹುಬ್ಬಳ್ಳಿಯ ಹತ್ತಿ ಸೀದಾ ಹಡಗಿಗೆ.

ಈ ಸಂಭ್ರಮ ಎಷ್ಟು ದಿನ? ಒಪ್ಪಂದದ 12 ವರ್ಷ 1892ರ ಜನವರಿಗೆ ಮುಗಿಯಿತು. ಅದನ್ನು ಮುಂದುವರಿಸಲಿಲ್ಲ. ಘಟ್ಟದ ಹಳಿ ಹಾಕಿ ಸರಿಯಾಗಿ ನಾಲ್ಕು ವರ್ಷ ಆಗಿರಲಿಲ್ಲ, ಗಡಿಗೆ ಸುಂಕ ವಾಪಸ್ ಬಂತು. ಯಾವ ಗಡಿಯನ್ನು ಅಳಿಸಲು ರೈಲು ಹಾಕಿದರೋ ಆ ಗಡಿ ಈಗ ರೈಲಿನ ಮೇಲೇ ಬಂದು ಕೂತಿತು.

ಕ್ಯಾಸಲ್‌ರಾಕ್ ನಿಜವಾಗಿ ಊರಾದದ್ದು ಆಗ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಯ ತನಕ ಅದು ಇಂಜಿನ್ನು ನೀರು ಕುಡಿಯುವ ಜಾಗ. ಈಗ ಅದು ಎರಡು ಸಾಮ್ರಾಜ್ಯಗಳ ನಡುವಿನ ಬಾಗಿಲು. ಘಟ್ಟದ ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ಕಸ್ಟಮ್ಸ್, ಘಟ್ಟದ ಕೆಳಗೆ ಕುಳೇಂನಲ್ಲಿ ಪೋರ್ಚುಗೀಸರದು. ಗೋವಾದವರು ಮುಂಬೈ, ಪುಣೆ, ಬೆಳಗಾವಿಗೆ ಕೆಲಸಕ್ಕೆ, ಓದಿಗೆ ಹೋಗಬೇಕೆಂದರೆ ಸಮುದ್ರ ಬಿಟ್ಟರೆ ಇದೇ ಮುಖ್ಯ ದಾರಿ. ಹಡಗಿನ ಅಡುಗೆಯವರು, ಬ್ಯಾಂಡ್ ಬಾರಿಸುವವರು, ಗುಮಾಸ್ತರು, ಆಯಾಗಳು, ಎಲ್ಲರ ಟ್ರಂಕೂ ಈ ಪ್ಲಾಟ್‌ಫಾರ್ಮಿನ ಮೇಲೆ ಬಾಯಿ ತೆರೆಯಲೇಬೇಕಿತ್ತು.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬ ಕೊಂಕಣಿ ಅಜ್ಜಿ ಇದ್ದರು. ತವರು ಮಡಗಾಂವ ಹತ್ತಿರ, ಮದುವೆಯಾಗಿ ಬಂದದ್ದು ಹುಬ್ಬಳ್ಳಿಗೆ. ಕ್ಯಾಸಲ್‌ರಾಕ್ ಹೆಸರು ತೆಗೆದರೆ ಸಾಕು, ಅವರಿಗೆ ಉಪ್ಪಿನಕಾಯಿ ನೆನಪಾಗುತ್ತಿತ್ತು. "ಹಾಸಿಗಿ ಸುತ್ತಿ ಬಿಚ್ಚತಿದ್ರು, ಸೀರಿ ಒಂದೊಂದ ಝಾಡಿಸಿ ನೋಡತಿದ್ರು. ಅದು ಇರ್ಲಿ ತಮ್ಮಾ, ಉಪ್ಪಿನಕಾಯಿ ಭರಣಿಯೊಳಗ ಕಡ್ಡಿ ಹಾಕಿ ತಿರುವಾಂವ ಒಬ್ಬ ಇದ್ದ. ತಳದಾಗ ಏನರ ಬಂಗಾರ ಇಟ್ಟೀವೇನಂತ! ಆ ಉಪ್ಪಿನಕಾಯಿ ಹುಬ್ಬಳ್ಳಿಗೆ ಬಂದ ಎಂಟ ದಿನದಾಗ ಬೂಸ್ಟ ಹಿಡೀತು." ಅವರ ಸಿಟ್ಟು ಬ್ರಿಟಿಷರ ಮೇಲೂ ಅಲ್ಲ, ಪೋರ್ಚುಗೀಸರ ಮೇಲೂ ಅಲ್ಲ, ಆ ಕಡ್ಡಿಯ ಮೇಲೆ. ಒಣ ಕಡ್ಡಿಯಾದರೂ ಹಾಕಬಾರದಿತ್ತೆ ಅನ್ನುತ್ತಿದ್ದರು.

ಇಷ್ಟೆಲ್ಲ ಆಗುವ ತನಕ ಗಾಡಿ ನಿಂತೇ ಇರಬೇಕು. ನಿಂತ ಗಾಡಿಯ ಜನಕ್ಕೆ ಹಸಿವಾಗುತ್ತದೆ, ಚಹಾ ಬೇಕಾಗುತ್ತದೆ, ಹಮಾಲರು ಬೇಕಾಗುತ್ತಾರೆ. ಕಸ್ಟಮ್ಸಿನವರಿಗೆ ಮನೆ ಬೇಕು, ಅವರ ಮಕ್ಕಳಿಗೆ ಶಾಲೆ ಬೇಕು, ಅಂಗಡಿ ಬೇಕು. ಇನ್ನೊಂದು ಕಡೆ ಇಂಜಿನ್ನಿನವರು. ಘಟ್ಟ ಹತ್ತುವ ಗಾಡಿಗೆ ಕುಳೇಂನಲ್ಲಿ ಹಿಂದೆ ಬೇರೆ ಇಂಜಿನ್ ಹಚ್ಚಿ ದೂಡಿಸುತ್ತಾ ತರುತ್ತಾರೆ, ಮೇಲೆ ಬಂದ ಮೇಲೆ ಬಿಚ್ಚುತ್ತಾರೆ. ಇಳಿಯುವ ಗಾಡಿಯ ಬ್ರೇಕನ್ನು ಮೇಲೆಯೇ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಇಳಿಜಾರಿನಲ್ಲಿ ಗಾಡಿ ಕೈತಪ್ಪಿದರೆ ಹಿಡಿಯಲು ಪಕ್ಕಕ್ಕೆ ಏರುವ ಒಂದು ಮೊಂಡು ಹಳಿ ಇರುತ್ತದೆ, ಕ್ಯಾಚ್ ಸೈಡಿಂಗ್ ಅಂತ. ಘಟ್ಟದ ದಾರಿಗಳಲ್ಲಿ ಹಳಿಯ ಕೀಲು ಯಾವಾಗಲೂ ಆ ಮೊಂಡು ಹಳಿಯ ಕಡೆಗೇ ತಿರುಗಿರುತ್ತದೆ. ಡ್ರೈವರ್ ಗಾಡಿಯನ್ನು ಪೂರ್ತಿ ನಿಲ್ಲಿಸಿ, ನನ್ನ ಹಿಡಿತದಲ್ಲಿದೆ ಅಂತ ತೋರಿಸಿಕೊಟ್ಟ ಮೇಲೆಯೇ ಕೀಲು ಸರಿದಾರಿಗೆ ಬೀಳುವುದು. ನಂಬಿಕೆ ಅನ್ನುವುದೇ ಇಲ್ಲ, ಪ್ರತಿ ಗಾಡಿಯೂ ಪ್ರತಿ ಸಲ ಪರೀಕ್ಷೆ ಬರೆದು ಪಾಸಾಗಬೇಕು. ಈ ವ್ಯವಸ್ಥೆ ನನಗೆ ಬಹಳ ಇಷ್ಟ.

ಕಸ್ಟಮ್ಸಿನವರು, ಇಂಜಿನ್ನಿನವರು. ಇಬ್ಬರ ಕೆಲಸವೂ ಗಾಡಿ ನಿಲ್ಲಿಸುವುದು. ಊರಿನ ಅನ್ನ ಬರುತ್ತಿದ್ದದ್ದೂ ಅದರಿಂದಲೇ.

ಕಂಪನಿಗೆ ಮಾತ್ರ ಅಂದುಕೊಂಡಷ್ಟು ಗಿಟ್ಟಲಿಲ್ಲ. ಮುಂಬೈ ಬಂದರು ಮತ್ತು ಅಲ್ಲಿಗೆ ಹೋಗುವ ರೈಲುಗಳು ಸುಮ್ನೆ ಕೂರಲಿಲ್ಲ, ಹತ್ತಿಯನ್ನು ತಮ್ಮ ಕಡೆಗೆ ಎಳೆದುಕೊಂಡವು. 20ನೇ ಶತಮಾನದ ಶುರುವಿಗೆ ಗೋವಾದ ರೈಲನ್ನು ನಡೆಸುವ ಹೊಣೆಯೂ ಸದರ್ನ್ ಮರಾಠಾದವರ ಕೈಗೆ ಬಂತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಅಂದರೆ ಎಂ. ಅಂಡ್ ಎಸ್.ಎಂ. ಆಯಿತು. ಹತ್ತಿ ಕೈಕೊಟ್ಟ ದಾರಿಯನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಅದಿರಿನ ಪಾಲೂ ಇದೆ. ಸಂಡೂರಿನ ಮ್ಯಾಂಗನೀಸ್ ಹೊಸಪೇಟೆಯಿಂದ ಹುಬ್ಬಳ್ಳಿ ಹಾದು ಇದೇ ಘಟ್ಟ ಇಳಿದು ಮೊರ್ಮುಗಾವ್ ಸೇರುತ್ತಿತ್ತು.

1947ರಲ್ಲಿ ಬ್ರಿಟಿಷರು ಹೋದರು. ಕ್ಯಾಸಲ್‌ರಾಕ್‌ನ ಗಡಿ ಹೋಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1946ರ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಸಭೆ ಮಾಡಿ ಪೋರ್ಚುಗೀಸರ ಕೈಯಲ್ಲಿ ಹೊರಗೆ ದೂಡಿಸಿಕೊಂಡಿದ್ದರು. ಅದೇ ವರ್ಷ ಮತ್ತೆ ರೈಲು ಹತ್ತಿ ಬಂದರು. ಘಟ್ಟ ಇಳಿದ ಕೂಡಲೇ ಕುಳೇಂನಲ್ಲಿ ಹಿಡಿದುಬಿಟ್ಟರು. 1955ರ ಆಗಸ್ಟ್ 15ರಂದು ಗೋವಾದ ಗಡಿಯ ಹಲವು ಕಡೆಯಿಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಒಳಗೆ ನುಗ್ಗಿದರು. ಕ್ಯಾಸಲ್‌ರಾಕ್ ಕಡೆಯಿಂದ ಹೋದವರು ರೈಲು ಹಳಿ ಹಿಡಿದೇ ನಡೆದರು. ಪೋರ್ಚುಗೀಸರು ಗುಂಡು ಹಾರಿಸಿದರು. ಗಡಿಯುದ್ದಕ್ಕೂ ಆ ದಿನ ಸತ್ತವರು 20ಕ್ಕೂ ಹೆಚ್ಚು.

ಅದಾದ ಮೇಲೆ ಭಾರತ ಸರ್ಕಾರ ಗಡಿ ಮುಚ್ಚಿತು. ಗಾಡಿ ನಿಂತಿತು. ಈ ಸಲ ತಪಾಸಣೆಗಲ್ಲ, ಬ್ರೇಕ್ ಪರೀಕ್ಷೆಗೂ ಅಲ್ಲ. ಪೂರ್ತಿಯಾಗಿ ನಿಂತಿತು. ನಿಲ್ಲುವ ಗಾಡಿಗಳಿಂದ ಬದುಕಿದ್ದ ಊರಿಗೆ ಗಾಡಿಯೇ ಬಾರದಂತಾದ ಆರು ವರ್ಷ ಅದು. ಗಾಡಿ ನಿಲ್ಲಬೇಕಾದರೂ ಎಲ್ಲಿಂದಲೋ ಬರಬೇಕಲ್ಲ, ಎಲ್ಲಿಗೋ ಹೋಗಬೇಕಲ್ಲ! ಲೋಂಡಾ ಕಡೆಯಿಂದ ನೋಡಿದರೆ ಕ್ಯಾಸಲ್‌ರಾಕ್ ದಾರಿಯ ಕೊನೆಯಾಗಿತ್ತು. ಎದುರಿಗೆ ಸುರಂಗ, ಆಚೆ ಬೇರೆ ದೇಶದ ಸಿಪಾಯಿಗಳು.

1961ರ ಡಿಸೆಂಬರಿನಲ್ಲಿ ಸೈನ್ಯ ಒಳಗೆ ಹೋಯಿತು. ಒಂದು ದಳ ಇಲ್ಲಿಗೆ ಹತ್ತಿರದ ಅನಮೋಡ ಘಟ್ಟದ ರಸ್ತೆಯಿಂದಲೇ ಇಳಿಯಿತು. 19ಕ್ಕೆ ಗೋವಾ ಬಿಡುಗಡೆ ಆಯಿತು. ಆಮೇಲೆ ಹಳಿ ರಿಪೇರಿಯಾಗಿ ಗಾಡಿ ಮತ್ತೆ ಓಡಿತು. ಎಲ್ಲರೂ ಕುಣಿದಾಡಿದ ಆ ದಿನ ಕ್ಯಾಸಲ್‌ರಾಕ್‌ನ ಒಂದು ಕಸುಬು ಸತ್ತಿತು. ಗಡಿಯೇ ಇಲ್ಲವೆಂದ ಮೇಲೆ ಕಸ್ಟಮ್ಸ್ ಎಲ್ಲಿಯದು? ಇದನ್ನು ದುಃಖದಿಂದ ಹೇಳುತ್ತಿಲ್ಲ. ಗೋವಾ ಬಿಡುಗಡೆ ಒಂದು ಸ್ಟೇಷನ್ನಿನ ವ್ಯಾಪಾರಕ್ಕಿಂತ ಎಷ್ಟೋ ದೊಡ್ಡದು. ಆದರೆ ದೊಡ್ಡ ಸಂತೋಷದ ಬಿಲ್ಲು ಒಂದೊಂದು ಸಲ ಸಣ್ಣ ಊರಿನ ಹೆಸರಿಗೆ ಬರುತ್ತದೆ, ಅಲ್ವಾ? ಹಳೆಯ ಕಸ್ಟಮ್ಸಿನ ಪಳೆಯುಳಿಕೆ ಅಂದರೆ ಈಗ ಅಬಕಾರಿಯವರು. ಗೋವಾದಿಂದ ಬರುವ ಗಾಡಿಯಲ್ಲಿ ಸೀಟಿನ ಕೆಳಗೆ ಬಾಟಲಿ ಹುಡುಕುತ್ತಾರೆ.

1990ರ ದಶಕದಲ್ಲಿ ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಹಾಕಿದರು. ಇಂಜಿನ್ನಿನವರ ಕಸುಬು ಮಾತ್ರ ಉಳಿಯಿತು. ಇಳಿಜಾರು ಯಾವ ಸರ್ಕಾರ ಬಂದರೂ ಬದಲಾಗುವುದಿಲ್ಲ. ಈಗ ಮೊರ್ಮುಗಾವ್‌ನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹತ್ತುತ್ತದೆ, ಅದೇ ಬಳ್ಳಾರಿ ಸೀಮೆಗೆ, ಅದೇ ದಾರಿಯಲ್ಲಿ. ಆಗ ಅಲ್ಲಿಂದ ಅದಿರು ಇಳಿಯುತ್ತಿತ್ತು. ಮುಂದೆ ಎರಡು, ಹಿಂದೆ ಎರಡೋ ಮೂರೋ ಇಂಜಿನ್ ಹಚ್ಚಿಕೊಂಡು ಒಂದು ಗೂಡ್ಸ್ ಗಾಡಿ ದೂಧಸಾಗರದ ಸೇತುವೆ ದಾಟುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ಬಗೆಯ ಜನವೂ ಬಂದರು, ಬೆಂಗಳೂರಿನ ಟ್ರೆಕ್ಕಿಂಗ್‌ನವರು. ಕ್ಯಾಸಲ್‌ರಾಕ್‌ನಲ್ಲಿ ಇಳಿದು ಹಳಿಗುಂಟ ಸುಮಾರು 14 ಕಿಲೋಮೀಟರ್ ನಡೆದು ದೂಧಸಾಗರ ನೋಡುವುದು ಒಂದು ಕಾಲಕ್ಕೆ ದೊಡ್ಡ ಖಯಾಲಿ. ಊರಿನ ಹೋಟೆಲಿಗೆ ಸ್ವಲ್ಪ ವ್ಯಾಪಾರವಾಯಿತು. ಆಮೇಲೆ ರೈಲ್ವೆಯವರು ಹಳಿ ಮೇಲೆ ನಡೆಯುವುದನ್ನು ನಿಲ್ಲಿಸಿದರು. 2023ರ ಮಳೆಗಾಲದಲ್ಲಿ ದೂಧಸಾಗರಕ್ಕೆ ಹೀಗೆ ಹೋದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಸುರಂಗದೊಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ, ಹಾಗಾಗಿ ಬಸ್ಕಿಯೇ ವಾಸಿ.

ಈಚೆಗೆ ನಡೆದ ಜಗಳ ಎರಡನೇ ಹಳಿಯದು. ತಿನೈಘಾಟ್‌ನಿಂದ ವಾಸ್ಕೋ ತನಕ ಜೋಡಿ ಹಳಿ ಹಾಕುವ ಯೋಜನೆಗೆ ಗೋವಾದಲ್ಲಿ ಭಾರೀ ವಿರೋಧ ಬಂತು. 2020ರಲ್ಲಿ ಚಾಂದೋರ್‌ನಲ್ಲಿ ಜನ ರಾತ್ರಿಯಿಡೀ ಹಳಿಯ ಹತ್ತಿರ ಕೂತರು, ಕಲ್ಲಿದ್ದಲು ಬೇಡ ಅಂತ, ಮೊಲ್ಲೆಂ ಕಾಡು ಕಡಿಯಬೇಡಿ ಅಂತ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್‌ನಿಂದ ಕುಳೇಂ ತನಕದ ಭಾಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ನನಗೆ ಅದು ಸರಿ ಅನ್ನಿಸಿತು. ಒಂದು ಹಳಿಗೆ ಆ ಕಾಡು ಕೊಟ್ಟಿದ್ದು ಸಾಕು.

ಹೀಗೆ ಹೇಳಿದರೆ ನಮ್ಮೂರಿನವರು ನನ್ನನ್ನು ಬಿಡುವುದಿಲ್ಲ ಅಂತ ಗೊತ್ತು. ಹುಬ್ಬಳ್ಳಿ-ಅಂಕೋಲಾ ರೈಲಿಗೂ ನೀನು ಹೀಗೇ ಹೇಳುತ್ತೀಯಾ ಅಂತ ಕೇಳುತ್ತಾರೆ. ಅದೇ ಹತ್ತಿಯ ಕಾಲದ ಕನಸು ಅದು, ಹೆಸರು ಸ್ವಲ್ಪ ಬದಲಾಗಿದೆ, ಅಷ್ಟೇ. ಶಂಕುಸ್ಥಾಪನೆ ಆಯಿತು, ಕೋರ್ಟು ಕಚೇರಿ ಆಯಿತು, ಚುನಾವಣೆ ಬಂದಾಗಲೆಲ್ಲ ಮತ್ತೆ ಏಳುತ್ತದೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಒಂದೇ ನಾಲಿಗೆಯ ಉತ್ತರ ಇಲ್ಲ. ರೈಲು ಬೇಕು, ಯಲ್ಲಾಪುರದ ಕಾಡೂ ಬೇಕು. ಒಂದು ವೇಳೆ ಆ ರೈಲು ಬಂದರೆ ಅರಬೈಲ್ ಘಟ್ಟದ ತಲೆಯ ಮೇಲೆ ಎಲ್ಲೋ ಬ್ರೇಕ್ ನೋಡಲು, ಹಿಂದಿನ ಇಂಜಿನ್ ಬಿಚ್ಚಲು ಗಾಡಿ ನಿಲ್ಲಲೇಬೇಕು. ಅಲ್ಲಿ ಚಹಾದ ಅಂಗಡಿ ಹಾಕುವವರು ಕ್ಯಾಸಲ್‌ರಾಕ್‌ನವರನ್ನು ಒಂದು ಮಾತು ಕೇಳಿ ಹಾಕುವುದು ಒಳ್ಳೆಯದು.